ಆಕಾಶಕ್ಕೆ ಆಂಟೆನಾ ಹಿಡಿದ ಲಾಕ್‌ಡೌನ್ ದಿನಗಳು

ಕೈಯಲ್ಲಿ ಆಂಟೆನಾ ಹಿಡಿದು ಆಕಾಶ ನೋಡುತ್ತ ನಿಂತ ಹೆಂಗಸನ್ನು ಕಂಡರೆ ಯಾರೂ ತಮ್ಮ ಪಾಡಿಗೆ ತಾವು ಹೋಗುವುದಿಲ್ಲ. ಏನಾದರೂ ಕೇಳುತ್ತಾರೆ, ಇಲ್ಲವೇ ತಾವೇ ಏನಾದರೂ ಅಂದುಕೊಳ್ಳುತ್ತಾರೆ. ಕೇಳಿದರೆ ಪರವಾಗಿಲ್ಲ. ಅಂದುಕೊಂಡರೇ ಕಷ್ಟ.

ನನ್ನ ಹವ್ಯಾಸ ಹ್ಯಾಮ್ ರೇಡಿಯೋ, ಅಂದರೆ ಸ್ವಂತ ರೇಡಿಯೋದಲ್ಲಿ ದೂರದೂರದವರ ಜೊತೆ ಮಾತಾಡುವುದು. ಅದರಲ್ಲೂ ಉಪಗ್ರಹದ ಹುಚ್ಚು. ನಮ್ಮಂಥ ಹವ್ಯಾಸಿಗಳಿಗಾಗಿಯೇ ಹಾರಿಸಿದ ಪುಟ್ಟ ಪುಟ್ಟ ಉಪಗ್ರಹಗಳಿವೆ. ಒಂದೊಂದೂ ದಿಗಂತದ ಈ ಬದಿಯಲ್ಲಿ ಹುಟ್ಟಿ ಆ ಬದಿಯಲ್ಲಿ ಮುಳುಗುವುದಕ್ಕೆ ಹೆಚ್ಚೆಂದರೆ ಕಾಲು ಗಂಟೆ. ಅಷ್ಟರೊಳಗೆ ಆಂಟೆನಾವನ್ನು ಅದರ ಕಡೆ ತಿರುಗಿಸುತ್ತ ಮಾತಾಡಿದರೆ ನಮ್ಮ ದನಿ ಮೇಲೆ ಹೋಗಿ ಯುರೋಪಿನ ತುಂಬ ಬೀಳುತ್ತದೆ. ಭೂಮಿಯನ್ನೆಲ್ಲ ಚೌಕ ಚೌಕವಾಗಿ ಗೆರೆ ಹಾಕಿ ಒಂದೊಂದಕ್ಕೂ ಎರಡು ಅಕ್ಷರ, ಎರಡು ಅಂಕಿಯ ಹೆಸರಿಟ್ಟಿದ್ದಾರೆ. ಹೊಸ ಹೊಸ ಚೌಕದಲ್ಲಿರುವವರನ್ನು ಮಾತಾಡಿಸಿ, ಆ ಚೌಕವನ್ನು ನಮ್ಮ ಖಾತೆಗೆ ಸೇರಿಸಿಕೊಳ್ಳುವುದೇ ಆಟ. ಅಂಚೆಚೀಟಿ ಕೂಡಿಹಾಕುವವರ ಹಾಗೆ, ಆದರೆ ಕುತ್ತಿಗೆ ನೋವು ಜಾಸ್ತಿ.

ನಾನು ಮೈಸೂರಿನವಳು. ಗಂಡ ಹುಬ್ಬಳ್ಳಿಯವನು. ಇಬ್ಬರಿಗೂ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕಂಪ್ಯೂಟರ್ ಚಿಪ್ ಮಾಡುವ ಕೆಲಸ. ನಮ್ಮ ಅತ್ತೆ ಚಳಿ ಕಳೆಯುವವರೆಗೆ ಇದ್ದು ಹೋಗುತ್ತೇನೆ ಎಂದು ಬಂದಿದ್ದರು. ಚಳಿ ಕಳೆಯುವ ಹೊತ್ತಿಗೆ ಕೊರೊನಾ ಬಂತು, ವಿಮಾನಗಳು ನಿಂತವು. ಹೀಗಾಗಿ ನನ್ನ ಹವ್ಯಾಸಕ್ಕೆ ಮನೆಯಲ್ಲೇ ಒಬ್ಬ ಪ್ರೇಕ್ಷಕಿ ಸಿಕ್ಕರು.

ಎಡಗಿವಿಯಲ್ಲಿ ಸಿಗ್ನಲ್ ಇಲ್ಲ

ಇಲ್ಲಿನ ಲೈಸೆನ್ಸ್‌ಗೆ ಪರೀಕ್ಷೆ ಬರೆಯಬೇಕಿತ್ತು. ನಾನು ಓದಿದ್ದು ಡಚ್ ಭಾಷೆಯ ಪುಸ್ತಕ. ಡಚ್ ಕಲಿತಿದ್ದೂ ಅದೊಂದೇ ಪುಸ್ತಕದಿಂದ. ಹಾಗಾಗಿ ಪಾಸಾದ ಮೇಲೆ ನನಗೆ ಡಚ್‌ನಲ್ಲಿ ತರಂಗಾಂತರ, ಪ್ರತಿರೋಧ, ಹಸ್ತಕ್ಷೇಪ ಎಲ್ಲ ಗೊತ್ತಿತ್ತು. ಸೌತೆಕಾಯಿ ಗೊತ್ತಿರಲಿಲ್ಲ.

ಲಾಕ್‌ಡೌನ್‌ನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಹೆಡ್‌ಫೋನ್ ಹಾಕಿ ಹಾಕಿ ಒಂದು ದಿನ ನನ್ನ ಕಿವಿ ಕಟ್ಟಿತು. ಆಗ ಡಾಕ್ಟರ ಹತ್ತಿರ ಸುಮ್ಮನೆ ಹೋಗುವ ಹಾಗಿರಲಿಲ್ಲ, ಮೊದಲು ಫೋನಿನಲ್ಲಿ ಸಹಾಯಕಿಗೆ ಎಲ್ಲ ಹೇಳಬೇಕು. ಇಂಗ್ಲಿಷ್‌ನಲ್ಲಿ ಹೇಳಬಹುದಿತ್ತು. ಆದರೆ ಕಷ್ಟಪಟ್ಟು ಕಲಿತ ಭಾಷೆ, ಉಪಯೋಗಿಸದೆ ಬಿಡುವುದು ಹೇಗೆ ಎಂದು ಡಚ್‌ನಲ್ಲೇ ಶುರು ಮಾಡಿದೆ. ಎಡಗಡೆ ರಿಸೆಪ್ಶನ್ ಪೂರ್ತಿ ಹೋಗಿದೆ, ಬಲಗಡೆ ಬರೀ ಕರಕರ, ನಿನ್ನೆಯಿಂದ ಹಿನ್ನೆಲೆಯಲ್ಲಿ ಒಂದೇ ಸಮ ಗುಂಯ್ ಎನ್ನುವ ಸದ್ದು, ತಲೆ ತಿರುಗಿಸಿದರೆ ಸಿಗ್ನಲ್ ಸ್ವಲ್ಪ ಸುಧಾರಿಸುತ್ತದೆ ಎಂದೆ.

ಸಹಾಯಕಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ಆಮೇಲೆ ಬಹಳ ಮೃದುವಾಗಿ, "ಮೇಡಂ, ಇದು ಡಾಕ್ಟರ ಕ್ಲಿನಿಕ್ಕು. ನೀವು ನಿಮ್ಮ ಕೇಬಲ್ ಟಿವಿಯವರಿಗೆ ಫೋನ್ ಮಾಡಬೇಕು" ಎಂದು ಹೇಳಿ ಇಟ್ಟುಬಿಟ್ಟಳು.

ಯಾವ ಇಲಾಖೆ?

ನಮ್ಮ ಬಾಲ್ಕನಿಯಿಂದ ಪಶ್ಚಿಮದ ಆಕಾಶ ಕಾಣಿಸುವುದಿಲ್ಲ. ಪೋರ್ಚುಗಲ್ ಕಡೆಯ ಚೌಕ ಬೇಕೆಂದರೆ ಪಾರ್ಕಿಗೆ ಹೋಗಬೇಕು. ಜನರ ನಡುವೆ ಒಂದೂವರೆ ಮೀಟರ್ ಅಂತರ ಇರಲೇಬೇಕು ಎಂದು ಸರಕಾರ ದಿನಾ ಹೇಳುತ್ತಿದ್ದ ಕಾಲ ಅದು. ನನ್ನ ಆಂಟೆನಾ ಒಂದು ಉದ್ದನೆಯ ಕೋಲು, ಅದಕ್ಕೆ ಅಡ್ಡಡ್ಡ ಸಿಕ್ಕಿಸಿದ ಅಲ್ಯೂಮಿನಿಯಂ ಕಡ್ಡಿಗಳು. ಕೋಲಿನ ಉದ್ದ ಹೆಚ್ಚು ಕಮ್ಮಿ ಒಂದೂವರೆ ಮೀಟರ್. ಅದು ಹಾಗೇ ಕೂಡಿ ಬಂದದ್ದು, ನನ್ನ ಉದ್ದೇಶವೇನೂ ಇರಲಿಲ್ಲ.

ಅವತ್ತು ಬಿಸಿಲು ಚೆನ್ನಾಗಿತ್ತು, ಪಾರ್ಕಿನ ತುಂಬ ಜನ. ನಾನು ಉಪಗ್ರಹದ ಜೊತೆಜೊತೆಗೇ ಆಂಟೆನಾ ತಿರುಗಿಸುತ್ತ ಬಂದೆ. ಹುಲ್ಲಿನ ಮೇಲೆ ಕೂತಿದ್ದ ನಾಲ್ಕೈದು ಹುಡುಗಿಯರು ಕೋಲು ತಮ್ಮ ಕಡೆ ಬಂದದ್ದೇ ತಡ, ಚಾಪೆ ಎಳೆದುಕೊಂಡು ದೂರ ದೂರ ಸರಿದರು. ಬೆಂಚಿನ ಮೇಲಿದ್ದ ಮುದುಕರಿಬ್ಬರು ಬೆಂಚಿನ ಆ ತುದಿಗೊಬ್ಬರು, ಈ ತುದಿಗೊಬ್ಬರು ಆದರು. ಒಬ್ಬಾತ ಹೆಂಡತಿಯನ್ನೂ ಆಚೆ ತಳ್ಳಿ, ಈಗ ಸರಿಯಾಯಿತಾ ಎನ್ನುವಂತೆ ನನ್ನ ಮುಖ ನೋಡಿದ. ಕಿವಿಯಲ್ಲಿ ಪೋರ್ಚುಗಲ್‌ನವನು ತನ್ನ ಚೌಕ ಹೇಳುತ್ತಿದ್ದ, ನಾನು ಅವನಿಗೆ ಹೂಂ ಎಂದು ತಲೆಯಾಡಿಸಿದೆ. ಗಂಡ ಹೆಂಡತಿ ಹಾಗೇ ದೂರ ದೂರ ನಡೆದು ಹೋದರು.

ಮುಗಿಸಿ ನೋಡಿದರೆ ನಗರಸಭೆಯ ಸಮವಸ್ತ್ರ ತೊಟ್ಟ ಎತ್ತರದ ಮನುಷ್ಯನೊಬ್ಬ ನನ್ನ ಕಡೆಗೇ ಬರುತ್ತಿದ್ದ. ನಿಯಮ ಮುರಿದವರಿಗೆ ದಂಡ ಹಾಕುವವನು. ಲೈಸೆನ್ಸ್ ತೆಗೆಯಲು ಬ್ಯಾಗಿಗೆ ಕೈ ಹಾಕಿದೆ. ಅವನು ಸರಿಯಾಗಿ ಒಂದೂವರೆ ಮೀಟರ್ ದೂರದಲ್ಲಿ ನಿಂತು, ಆಂಟೆನಾವನ್ನು ಆಸೆಯಿಂದ ನೋಡಿ ಕೇಳಿದ: "ನೀವು ಯಾವ ಇಲಾಖೆ? ನಮಗೆ ಇಂಥದ್ದು ಕೊಟ್ಟೇ ಇಲ್ಲ."

ಇಬ್ಬರು ಹೊಸಬರು

ನಮ್ಮ ಚೌಕದ ಹೆಸರು ಜೆ ಓ ಎರಡು ಒಂದು. ರೇಡಿಯೋದಲ್ಲಿ ಅಕ್ಷರ ತಪ್ಪಾಗಿ ಕೇಳಬಾರದೆಂದು ಜೆ ಅಂದರೆ ಜೂಲಿಯೆಟ್, ಓ ಅಂದರೆ ಆಸ್ಕರ್ ಎಂದು ಬಿಡಿಸಿ ಹೇಳುವುದು ರೂಢಿ.

ಒಂದು ಬೆಳಿಗ್ಗೆ ಆಫೀಸಿನ ವಿಡಿಯೋ ಮೀಟಿಂಗ್ ನಡೆಯುವಾಗಲೇ ಒಳ್ಳೆಯ ಉಪಗ್ರಹ ಬಂತು. ಕ್ಯಾಮೆರಾ ಆಫ್ ಮಾಡಿ ಬಾಲ್ಕನಿಗೆ ಹೋದೆ, ಮೈಕ್ ಆಫ್ ಮಾಡುವುದು ಮರೆತೆ. ಟೀಮಿನವರಿಗೆಲ್ಲ ನನ್ನ ದನಿ, "ಜೂಲಿಯೆಟ್ ಆಸ್ಕರ್, ಜೂಲಿಯೆಟ್ ಆಸ್ಕರ್, ಟೂ ಒನ್" ಎಂದು ಕೇಳಿಸಿತು. ನಮ್ಮ ಮ್ಯಾನೇಜರ್ ಡಚ್ಚ, ಬಹಳ ಶಿಸ್ತಿನವನು. ಎಲ್ಲರೂ ಮನೆಯಿಂದ ಕೆಲಸ ಮಾಡುವಾಗ ಯಾರು ಸೇರಿದರು, ಯಾರು ಬಿಟ್ಟರು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ನನ್ನ ಕೈಕೆಳಗೆ ಜೂಲಿಯೆಟ್, ಆಸ್ಕರ್ ಎಂಬ ಇಬ್ಬರು ಬಂದಿದ್ದಾರೆ ಎಂದು ತಿಳಿದುಕೊಂಡ. ನಾನು ಹಿಂದಿರುಗಿ ಬರುವಷ್ಟರಲ್ಲಿ ಟೆಸ್ಟಿಂಗ್ ಕೆಲಸದ ಅರ್ಧವನ್ನು ಅವರಿಗೆ ಹಂಚಿಯಾಗಿತ್ತು.

ಇದು ನನಗೆ ಗೊತ್ತಾದದ್ದು ತುಂಬ ತಡವಾಗಿ. ಕೆಲಸ ಹಿಂದೆ ಬಿತ್ತು. ಯಾಕೆ ಎಂದು ಮೇಲಿನವರು ಕೇಳಿದಾಗ ಮ್ಯಾನೇಜರ್ ನೇರವಾಗಿ ಹೇಳಿದನಂತೆ: ಆಸ್ಕರ್‌ನ ವಿಷಯ ಗೊತ್ತಿಲ್ಲ, ಆದರೆ ಈ ಜೂಲಿಯೆಟ್ ಒಂದೇ ಒಂದು ಈಮೇಲ್‌ಗೂ ಉತ್ತರ ಕೊಡುವುದಿಲ್ಲ.

ಹುಲ್ಲುಗಾವಲಿನ ವ್ಯವಹಾರ

ಆರ್ನ್‌ಹೆಮ್ ಎಂಬ ಊರು ದಾಟಿದ ಮೇಲೆ ಒಂದು ಕಡೆ ನಾಲ್ಕು ಚೌಕಗಳ ಮೂಲೆಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಅಲ್ಲಿ ನಿಂತು ಮಾತಾಡಿದರೆ ಕೇಳಿದವರಿಗೆ ಒಂದೇ ಏಟಿಗೆ ನಾಲ್ಕು ಚೌಕ. ಓಡಾಟಕ್ಕೆ ಸ್ವಲ್ಪ ಸಡಿಲ ಸಿಕ್ಕ ಕೂಡಲೇ ಇಂಥ ಭಾನುವಾರ ಅಲ್ಲಿಗೆ ಹೋಗುತ್ತೇನೆ ಎಂದು ಸಾರಿಬಿಟ್ಟೆ. ಫಿನ್‌ಲ್ಯಾಂಡ್‌ನಿಂದ ಗ್ರೀಸ್‌ವರೆಗೆ ಹವ್ಯಾಸಿಗಳು ಕಾದು ಕೂತರು. ಕೆಲವರು ವರ್ಷಗಳಿಂದ ಕಾದವರು.

ಗಂಡ ಕಾರು ಓಡಿಸಿದ, ಅತ್ತೆ ಬುತ್ತಿ ಕಟ್ಟಿಕೊಂಡು ಬಂದರು. ಆ ಬಿಂದು ಕಾಲುದಾರಿಯಿಂದ ಸ್ವಲ್ಪ ಒಳಗೆ, ದನ ಮೇಯುವ ಹುಲ್ಲಿನಲ್ಲಿತ್ತು. ಉಪಗ್ರಹ ಹುಟ್ಟಿತು, ನಾನು ಒಬ್ಬೊಬ್ಬರನ್ನೇ ಕರೆದು ಮಾತಾಡಿಸತೊಡಗಿದೆ. ಅಷ್ಟರಲ್ಲಿ ಹೊಲದ ರೈತ ಮಣ್ಣು ಮೆತ್ತಿದ ಬೂಟು ಹಾಕಿಕೊಂಡು ದುಡುದುಡು ಬಂದ. ಆ ವರ್ಷಗಳಲ್ಲಿ ಸಗಣಿಯಿಂದ ಏಳುವ ಸಾರಜನಕ ಹೆಚ್ಚಾಯಿತು, ದನ ಕಡಿಮೆ ಮಾಡಿ ಎಂದು ಸರಕಾರಕ್ಕೂ ರೈತರಿಗೂ ದೊಡ್ಡ ಜಗಳ. ತನ್ನ ಹೊಲದಲ್ಲಿ ಯಂತ್ರ ಹಿಡಿದು ನಿಂತವಳನ್ನು ಕಂಡು ಸಾರಜನಕ ಅಳೆಯಲು ಬಂದವಳೇ ಎಂದು ಅವನು ತೀರ್ಮಾನಿಸಿದ್ದ. ನಾನು ನಡುವೆ ನಿಲ್ಲಿಸುವ ಹಾಗಿಲ್ಲ. ಗಂಡನಿಗೆ ಡಚ್‌ನಲ್ಲಿ ಥ್ಯಾಂಕ್ಯೂ ಬಿಟ್ಟರೆ ಬೇರೆ ಬರುವುದಿಲ್ಲ, ಬಯ್ಯುತ್ತಿದ್ದವನಿಗೆ ಅವನು ಅದನ್ನೇ ಎರಡು ಸಲ ಹೇಳಿದ.

ಆಗ ಅತ್ತೆ ಮುಂದೆ ಹೋದರು. ಹುಬ್ಬಳ್ಳಿ ಕನ್ನಡದಲ್ಲಿ ಏನೋ ಹೇಳಿ ದನಗಳ ಕಡೆ ಕೈ ಮಾಡಿದರು. ರೈತ ಡಚ್‌ನಲ್ಲಿ ಏನೋ ಅಂದ. ಅತ್ತೆ ಮತ್ತೇನೋ ಅಂದರು. ಕಣ್ಣಂಚಿನಲ್ಲಿ ನೋಡುತ್ತಿದ್ದೆ, ಅವನ ದನಿ ಇಳಿಯಿತು, ಕೈ ಕಟ್ಟಿ ನಿಂತ, ಆಮೇಲೆ ನಕ್ಕ. ನಾನು ಗ್ರೀಸ್‌ನವನನ್ನೂ ಮುಗಿಸಿದೆ. ಅಲ್ಲೆಲ್ಲೋ ಜನ ಕುಣಿದಾಡುತ್ತಿರಬೇಕು.

ಏನು ಮಾತಾಡಿದಿರಿ ಎಂದು ಅತ್ತೆಯನ್ನು ಕೇಳಿದೆ.

"ನಾ ಏನ್ ಮಾತಾಡ್ಲೆವಾ. ಆಕಳಾ ಚಂದ ಅದಾವು ಅಂದೆ. ಆ ಬಿಳಿ ಹಣಿದು ಭಾಳ ಲಕ್ಷಣ ಐತಿ ಅಂತ ಕೈ ಮಾಡಿ ತೋರ್ಸ್ದೆ. ಆಂವಾ ತಲಿ ಆಡಿಸ್ದ, ನಾನೂ ಆಡಿಸ್ದೆ."

ರೈತ ನನ್ನ ಕಡೆ ತಿರುಗಿದ. ನಿಮ್ಮ ತಾಯಿಗೆ ದನದ ಬಗ್ಗೆ ಒಳ್ಳೆಯ ಕಣ್ಣಿದೆ ಎಂದು ಹೊಗಳಿ, "ಸರಿ, ಅದನ್ನು ಯಾವಾಗ ಹೊಡೆದುಕೊಂಡು ಹೋಗುತ್ತೀರಿ?" ಎಂದ.

ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ಗಾಬರಿಯಾಗಲಿಲ್ಲ. ಸ್ವಲ್ಪ ಯೋಚನೆ ಮಾಡಿ ಅಂದರು: "ಬಾಲ್ಕನ್ಯಾಗ ಹಿಡಸೂದಿಲ್ಲ ಅಂತ ಹೇಳು."

ಹಡಗಿನವನ ಚೌಕ

ಸಮುದ್ರದ ನಡುವಿನ ಚೌಕಗಳು ಸಿಗುವುದು ಅಪರೂಪ. ಅಲ್ಲಿ ನೀರು ಬಿಟ್ಟರೆ ಯಾರಿರುತ್ತಾರೆ. ಆ ಬೇಸಿಗೆಯಲ್ಲಿ ಒಂದು ಸರಕು ಹಡಗು ಉತ್ತರ ಸಮುದ್ರದಲ್ಲಿ ಲಂಗರು ಹಾಕಿ ನಿಂತಿತ್ತು. ಕೊರೊನಾದಿಂದ ಯಾವ ಬಂದರಿನಲ್ಲೂ ಸಿಬ್ಬಂದಿಯನ್ನು ಇಳಿಸಿಕೊಳ್ಳುತ್ತಿರಲಿಲ್ಲ. ಅದರ ಇಂಜಿನಿಯರ್ ಒಬ್ಬ ಹ್ಯಾಮ್, ಫಿಲಿಪ್ಪೀನ್ಸ್‌ನವನು. ಶನಿವಾರ ಬೆಳಿಗ್ಗೆ ಹನ್ನೊಂದರ ಉಪಗ್ರಹಕ್ಕೆ ಬರುತ್ತೇನೆ, ಮಧ್ಯಾಹ್ನ ಹಡಗು ಹೊರಡುತ್ತದೆ ಎಂದು ಸುದ್ದಿ ಕಳಿಸಿದ್ದ. ಆ ಚೌಕಕ್ಕಾಗಿ ನಾನು ರಾತ್ರಿ ನಿದ್ದೆ ಸಹ ಸರಿಯಾಗಿ ಮಾಡಲಿಲ್ಲ.

ಬಾಲ್ಕನಿಯಲ್ಲಿ ಒಂದು ಕೈಯಲ್ಲಿ ಆಂಟೆನಾ, ಇನ್ನೊಂದರಲ್ಲಿ ಉಪಗ್ರಹದ ದಾರಿ ತೋರಿಸುವ ಫೋನ್. ಮೈಕ್ ಹಿಡಿಯಲು ಕೈ ಸಾಲದು. ಅತ್ತೆ, ಇಲ್ಲಿ ಕೊಡು, ನಾನು ಹಿಡಿದುಕೊಂಡಿರುತ್ತೇನೆ ಎಂದರು. ಅವರ ಇನ್ನೊಂದು ಕೈಯಲ್ಲಿ ಅವರ ಫೋನ್ ಇತ್ತು, ಗದಗಿನ ತಂಗಿಯ ಜೊತೆ ಮಾತು ನಡೆದಿತ್ತು. ಲೈನ್ ಸರಿಯಿಲ್ಲ, ತಂಗಿಗೆ ಕೇಳುತ್ತಿಲ್ಲ.

ಉಪಗ್ರಹ ಬರುವ ಹೊತ್ತಾಯಿತು, ಆದರೆ ರೇಡಿಯೋದಲ್ಲಿ ಒಂದು ಸದ್ದೂ ಇಲ್ಲ. ಹಳೆಯ ಉಪಗ್ರಹ, ಬ್ಯಾಟರಿ ಸತ್ತಿರಬೇಕು ಎಂದುಕೊಂಡೆ. ಆಂಟೆನಾ ಆಚೆ ತಿರುಗಿಸಿದೆ, ಈಚೆ ತಿರುಗಿಸಿದೆ. ಪಕ್ಕದಲ್ಲಿ ಅತ್ತೆ ದನಿ ಏರಿಸಿ ತಂಗಿಗೆ ಕೇಳುತ್ತಲೇ ಇದ್ದರು: "ಊಟಾ ಆತೇನ್? ಕೇಳವಲ್ದು? ಊಟಾ, ಊಟಾ ಆತೇನ್ ಅಂತೀನಿ." ಸಮಯ ಓಡುತ್ತಿತ್ತು. ಆ ಹಡಗಿನವನು ಎಲ್ಲೋ ನನ್ನನ್ನು ಕರೆದು ಕರೆದು ಸುಸ್ತಾಗುತ್ತಿದ್ದಾನೆ ಎನಿಸಿ ಅಳು ಬರುವಂತಾಯಿತು.

ಆಗ ಮೈಕ್ ಕಡೆ ನೋಡಿದೆ. ಅತ್ತೆ ಅದನ್ನು ಬೀಳದ ಹಾಗೆ ಗಟ್ಟಿಯಾಗಿ, ಬಟನ್ ಸಮೇತ ಹಿಡಿದಿದ್ದರು. ಬಟನ್ ಒತ್ತಿದ್ದರೆ ನಮಗೇನೂ ಕೇಳುವುದಿಲ್ಲ, ನಮ್ಮ ಮಾತು ಮಾತ್ರ ಎಲ್ಲರಿಗೂ ಕೇಳುತ್ತದೆ; ಉಪಗ್ರಹದಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಲು ಸಾಧ್ಯ. ಉಪಗ್ರಹಕ್ಕೆ ಏನೂ ಆಗಿರಲಿಲ್ಲ. ಇಷ್ಟು ಹೊತ್ತೂ ಯುರೋಪಿನ ಯಾರಿಗೂ ಬಾಯಿ ತೆರೆಯಲು ಬಿಡದೆ, ಊಟ ಆಯಿತೇ ಎಂದು ಅತ್ತೆ ಇಡೀ ಖಂಡವನ್ನು ವಿಚಾರಿಸಿದ್ದರು.

ಮೈಕ್ ಕಿತ್ತುಕೊಂಡು ಕ್ಷಮೆ ಕೇಳಿದೆ. ಆಮೇಲೆ ಹಡಗಿನವನ ದನಿ ಬಂತು. ಚೌಕದ ಹೆಸರನ್ನು ಸ್ಪಷ್ಟವಾಗಿ ಹೇಳಿದ, ನಾನು ನನ್ನದು ಹೇಳಿದೆ. ಅಷ್ಟಕ್ಕೇ ಮುಗಿಯಬೇಕು. ಅವನು ತಡೆದು, ಆ ಅಮ್ಮ ಅಷ್ಟು ಕಾಳಜಿಯಿಂದ ಕೇಳಿದ್ದೇನು ಎಂದ. ಊಟ ಆಯಿತಾ ಅಂತ ಎಂದೆ.

ಅವನು ಇಂಗ್ಲಿಷ್‌ನಲ್ಲಿ ಅಂದ, "ಅಮ್ಮನಿಗೆ ಹೇಳಿ, ಆಯಿತು ಅಂತ. ಈ ಹಡಗಿಗೆ ಬಂದ ಮೇಲೆ ಇದನ್ನು ಕೇಳಿದವರು ಅವರೊಬ್ಬರೇ."

ಉಪಗ್ರಹ ಮುಳುಗಿತು. ಅತ್ತೆ, ಅವನು ಏನು ಉಂಡನಂತೆ, ಕೇಳಬೇಕಿತ್ತು ಎಂದು ನನ್ನ ಮೇಲೇ ಬೇಸರ ಮಾಡಿಕೊಂಡರು.

ಮರುದಿನ ಇಟಲಿಯವನೊಬ್ಬ ತನ್ನ ಚೌಕ ಹೇಳಿ, ಕೊನೆಗೆ "ಊಟಾ ಆತೇನ್" ಎಂದ. ಪೋಲೆಂಡಿನವನು ಆಯಿತು, ಸೂಪು ಎಂದ. ವಾರದೊಳಗೆ ಸ್ಪೇನ್, ಐರ್ಲೆಂಡ್ ಎಲ್ಲರಿಗೂ ಅಂಟಿತು. ಎಲ್ಲರೂ ಮನೆಯಲ್ಲಿ ಒಬ್ಬೊಬ್ಬರೇ ಕೂತಿದ್ದ ಕಾಲ, ಕೇಳಿದರೆ ಸಾಕು ಹೇಳುತ್ತಿದ್ದರು. ಕೊನೆಗೆ ಜರ್ಮನಿಯ ಒಬ್ಬ ಹಿರಿಯರಿಂದ ಎಲ್ಲರಿಗೂ ಖಡಕ್ ಈಮೇಲ್ ಬಂತು. ಉಪಗ್ರಹದ ಸಮಯ ಅಮೂಲ್ಯ, ಇನ್ನು ಮುಂದೆ ಊಟಾ ಆತೇನ್ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸತಕ್ಕದ್ದು, ಅಡುಗೆಯ ವಿವರ ಬೇಡ ಎಂದು.

ನಾನು ಓದಿ ಹೇಳಿದೆ. ಅತ್ತೆ, "ಪಾಪ, ಆಂವಗ ಯಾರೂ ಕೇಳಿಲ್ಲ ಕಾಣಸ್ತೈತಿ. ನೀ ಕೇಳು" ಎಂದರು.

ಮುಂದಿನ ಸಲ ಅವರು ಸಿಕ್ಕಾಗ ಧೈರ್ಯ ಮಾಡಿ ಕೇಳಿದೆ. ಹಿರಿಯರು ನಿಯಮದ ಪ್ರಕಾರ "ಹೌದು" ಎಂದರು. ಒಂದು ಕ್ಷಣ ಬಿಟ್ಟು "ಆಲೂಗಡ್ಡೆ" ಎಂದರು. ಆಮೇಲೆ ಅದನ್ನು ಬೆಣ್ಣೆಯಲ್ಲಿ ಹೇಗೆ ಹುರಿಯಬೇಕು, ಈರುಳ್ಳಿ ಯಾವಾಗ ಹಾಕಬೇಕು ಎಂದು ಶುರು ಮಾಡಿದವರು ಯಾರಿಗೂ ನಡುವೆ ಬಾಯಿ ಹಾಕಲು ಬಿಡಲಿಲ್ಲ. ಉಪ್ಪು ಹಾಕುವ ಮೊದಲೇ ಉಪಗ್ರಹ ಮುಳುಗಿಹೋಯಿತು.