ದಿಂಬಿನ ಮೇಲೆ ಕೂತ ಲ್ಯಾಪ್‌ಟಾಪ್

ನಾನು ಕೊಂಡು ತಂದ ವಸ್ತುವನ್ನು ಯಾರಾದರೂ ಹಳಿದರೆ, ಹೆತ್ತ ಮಕ್ಕಳನ್ನು ಹಳಿದಾಗ ಬರುವುದಕ್ಕಿಂತ ಹೆಚ್ಚು ಸಿಟ್ಟು ಬರುತ್ತದೆ. ಇದು ಸರಿಯಲ್ಲವೆಂದು ಗೊತ್ತು. ಆದರೆ ಮಕ್ಕಳನ್ನು ನಾನೇನು ಅಂಗಡಿ ಅಂಗಡಿ ಸುತ್ತಿ, ಚೌಕಾಸಿ ಮಾಡಿ ಆರಿಸಿ ತಂದವಳಲ್ಲ, ಬಂದದ್ದನ್ನು ಇಟ್ಟುಕೊಂಡೆ. ವಸ್ತುವಿನ ವಿಷಯ ಹಾಗಲ್ಲ, ಅದನ್ನು ಹಳಿದರೆ ನನ್ನ ಬುದ್ಧಿಯನ್ನೇ ಹಳಿದಂತೆ. ಮದುವೆಯಾದ ಹೊಸತರಲ್ಲಿ ಹಟ ಮಾಡಿ ಒಂದು ಮಿಕ್ಸಿ ತಂದಿದ್ದೆ. ಚಟ್ನಿಗೆ ಹಾಕಿದ ಕಡಲೆಯನ್ನು ಅದು ಕಡಲೆಯಾಗಿಯೇ ವಾಪಸು ಕೊಡುತ್ತಿತ್ತು. ಹಲ್ಲಿಗೆ ಸಿಕ್ಕರೇ ಚಟ್ನಿಗೆ ರುಚಿ ಎಂದು ಸಾಧಿಸಿ ಮನೆಮಂದಿಗೆಲ್ಲ ವರ್ಷಗಟ್ಟಲೆ ತಿನ್ನಿಸಿದೆ. ಅತ್ತೆಯವರು ಹಲ್ಲು ಕಟ್ಟಿಸಿಕೊಂಡ ಮೇಲೆಯೇ ನಾನು ಆ ವಾದ ಬಿಟ್ಟದ್ದು.

ವಿನೋಬನಗರದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ ಮಾಡಿಕೊಡುವುದೇ ನಮ್ಮ ಮುಖ್ಯ ಕಸುಬು. ನಮ್ಮ ಯಜಮಾನರು ದಿನವಿಡೀ ಗುರ್ ಎನ್ನುವ ದೊಡ್ಡ ಕಂಪ್ಯೂಟರಿನ ಮುಂದೆ ಕೂತಿರುತ್ತಾರೆ. ಗಿರಾಕಿಗಳ ಮನೆಗೇ ಹೋಗಿ ಪತ್ರಿಕೆ ಮಾಡಿಕೊಟ್ಟರೆ ಹೇಗೆ ಎಂಬ ಯೋಚನೆ ನನ್ನದು. ಅದಕ್ಕಾಗಿ ತೆಳ್ಳನೆಯ ಒಂದು ಲ್ಯಾಪ್‌ಟಾಪ್ ತಂದೆ. ಕಡಿಮೆ ಕರೆಂಟು ಕುಡಿಯುವ ಪ್ರೊಸೆಸರ್, ಒಳಗೆ ಫ್ಯಾನೇ ಇಲ್ಲ, ಸದ್ದಿಲ್ಲ, ಬೆಳಿಗ್ಗೆ ಚಾರ್ಜ್ ಮಾಡಿದರೆ ಸಂಜೆಯವರೆಗೆ ಚಿಂತೆಯಿಲ್ಲ. ಯಾರೋ ಒಬ್ಬ ತರುಣ ವಿಡಿಯೋದಲ್ಲಿ ಅದನ್ನು ಪರೀಕ್ಷೆ ಮಾಡಿ ಹೊಗಳಿದ್ದನ್ನೂ ಯಜಮಾನರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಅವ ಏಸಿ ರೂಮಿನಾಗೆ ಕುಂತು ಹೇಳ್ತಾನೆ. ನಮ್ಮೂರ ಬಿಸಿಲಿಗೆ ಬಂದು ಓಡಿಸಿ ತೋರಿಸು ಅನ್ನು. ಕಮ್ಮಿ ತಿನ್ನೋ ಎತ್ತು ಕಮ್ಮಿನೇ ಎಳೀತೈತೆ" ಎಂದರು. ಆ ಮಾತಿಗಾಗಿಯಾದರೂ ಇದನ್ನು ಓಡಿಸಿಯೇ ತೀರುತ್ತೇನೆಂದು ಅಲ್ಲೇ ತೀರ್ಮಾನಿಸಿದೆ. ನಿಜ ಹೇಳಬೇಕೆಂದರೆ ಅದು ಮೊದಲಿಗೆ ಮೊಲದಂತೆ ಓಡುತ್ತಿತ್ತು. ಸ್ವಲ್ಪ ಹೊತ್ತು ಕಳೆದು ಮೈ ಬಿಸಿಯಾದರೆ ಮಾತ್ರ ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತಿತ್ತು. ಇದು ನನಗೆ ಬೇಗನೆ ತಿಳಿಯಿತು. ಯಜಮಾನರಿಗೆ ತಿಳಿಸುವ ಅಗತ್ಯ ಕಾಣಲಿಲ್ಲ.

ಆಗ ಬಂತು ಹರಿಹರದ ರುದ್ರಪ್ಪನವರ ಮಗಳ ಲಗ್ನಪತ್ರಿಕೆ. ಅವರಿಗೆ ನಾಗಪ್ಪ ಎಂಬ ತಮ್ಮ. ಮನೆತನದ ಅಂಗಡಿ ಪಾಲಾದಾಗಿನಿಂದ ಒಂದೇ ಮನೆಯಲ್ಲಿ ಎರಡು ಒಲೆ, ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಸಾಲಿನಲ್ಲಿ ತಮ್ಮನ ಹೆಸರನ್ನು ಅಣ್ಣ ತನ್ನ ಹೆಂಡತಿಯ ತಮ್ಮನಿಗಿಂತ ಕೆಳಗೆ ಬರೆಸಿದ್ದರು. ಹಾಗಾದರೆ ನನ್ನ ಹೆಸರೇ ಬೇಡ, ಲಗ್ನಕ್ಕೂ ಬರುವುದಿಲ್ಲ ಎಂದು ನಾಗಪ್ಪ ಹೇಳಿ ಕಳಿಸಿದ್ದರು. ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಸರಿಮಾಡಿಕೊಡು ಬಾ ಎಂದು ರುದ್ರಪ್ಪನವರ ಹೆಂಡತಿ ಶಾರದಕ್ಕ ಫೋನ್ ಮಾಡಿದರು. ಒಂದು ಪ್ರಿಂಟ್ ತೆಗೆದುಕೊಂಡು ಹೋಗಿ ಪೆನ್ನಿನಲ್ಲಿ ತಿದ್ದಿಸಿಕೊಂಡು ಬಾ ಎಂದರು ಯಜಮಾನರು. ನಾನು ಕೇಳಬೇಕಲ್ಲ! ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ.

ಹೋದೊಡನೆ ಶಾರದಕ್ಕ ನನ್ನನ್ನು ಅಡಿಗೆಮನೆಗೆ ಕರೆದರು. "ಇವತ್ತು ಹೆಂಗಾರ ಮಾಡಿ ಮುಗಿಸಿಬಿಡು ತಂಗಿ. ಚಿಕ್ಕಪ್ಪ ಬರಲಿಲ್ಲಂದ್ರೆ ಹಸೆಮಣಿ ಏರಲ್ಲ ಅಂತ ಕುಂತಾಳೆ ನನ್ನ ಮಗಳು" ಎಂದಾಗ ಅವರ ಕಣ್ಣು ತುಂಬಿತ್ತು. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ನಾನು ಲ್ಯಾಪ್‌ಟಾಪನ್ನು ನೆಲಕ್ಕಿಡಲು ಹೋದರೆ ಶಾರದಕ್ಕ ತಡೆದರು. ಮಗಳ ಪತ್ರಿಕೆ ಇರುವ ವಸ್ತು, ಒಳಗೆ ಗಣಪತಿ ಚಿತ್ರ ಬೇರೆ ಇದೆ, ನೆಲದ ಮೇಲೆ ಇಡಬಾರದು ಎಂದು ದಪ್ಪನೆಯ ಹತ್ತಿಯ ದಿಂಬು ತಂದು, ಅದರ ಮೇಲೆ ಮಡಿಸಿದ ಶಾಲು ಹಾಸಿ, ಲ್ಯಾಪ್‌ಟಾಪನ್ನು ಬೀಗರಂತೆ ಕೂಡಿಸಿದರು. ನನ್ನ ವಸ್ತುವಿಗೆ ನಮ್ಮ ಮನೆಯಲ್ಲಿ ಇಂಥ ಮರ್ಯಾದೆ ಎಂದೂ ಸಿಕ್ಕಿರಲಿಲ್ಲ. ಫ್ಯಾನಿಲ್ಲದ ಯಂತ್ರದ ಬಿಸಿಯೆಲ್ಲ ತಳದಿಂದಲೇ ಹೋಗಬೇಕು, ದಿಂಬು ಬೇಡ ಎನ್ನಬೇಕಿತ್ತು. ಹೆಮ್ಮೆ ಬಾಯಿ ಕಟ್ಟಿತು.

ಅಣ್ಣ ಜಮಖಾನದ ಆ ತುದಿಗೆ, ತಮ್ಮ ಈ ತುದಿಗೆ. ಮಾತೆಲ್ಲ ನನ್ನ ಮೂಲಕ. ಹೆಸರು ಮೇಲೆ ಹಾಕಲು ಆಗುವುದಿಲ್ಲವೆಂದು ಅವನಿಗೆ ಹೇಳಮ್ಮ ಎಂದು ಅಣ್ಣ. ಹಾಗಾದರೆ ತೆಗೆದೇಬಿಡು ಎಂದು ತಮ್ಮ. ಮೊದಮೊದಲು ಹೆಸರು ಸರಸರ ಏರಿತು, ಇಳಿಯಿತು. ಇನ್ನೊಂದು ಸಲ ಇಳಿಸುವಷ್ಟರಲ್ಲಿ ಪರದೆಯ ನಡುವೆ ನೀಲಿ ಬಳೆಯೊಂದು ತಿರುಗಲು ಶುರುಮಾಡಿತು. ತಿರುಗಿಯೇ ತಿರುಗಿತು. ಮೂವರೂ ಅದನ್ನೇ ನೋಡುತ್ತ ಕೂತೆವು. ಎದ್ದು ಹೋದರೆ ಸೋತಂತೆ ಎಂದು ಅವರಿಬ್ಬರೂ ಏಳರು, ಯಂತ್ರ ನಿಂತಿದೆ ಎಂದು ನಾನು ಒಪ್ಪಲಾರೆ. ಇದು ಕರೆಂಟು ಉಳಿಸುವ ಪ್ರೊಸೆಸರ್, ಯೋಚನೆ ಮಾಡಿ ಕೆಲಸ ಮಾಡುತ್ತದೆ ಎಂದು ಬಡಾಯಿ ಕೊಚ್ಚಿದೆ. ಆಮೇಲೆ ಅದರ ಬ್ಯಾಟರಿಯನ್ನು ಹೊಗಳಿದೆ. ಕೊನೆಗೆ ಅದರ ತೂಕವನ್ನೂ ಹೊಗಳಿದೆ. ಬಳೆ ತಿರುಗುತ್ತಲೇ ಇತ್ತು.

ರುದ್ರಪ್ಪನವರಿಗೆ ತಡೆಯಲಾಗಲಿಲ್ಲ. "ಇದಕ್ಕಿಂತ ನಮ್ಮಪ್ಪನ ಎತ್ತಿನ ಗಾಡಿನೇ ವಾಸಿ ಇತ್ತಲ್ಲೋ" ಎಂದರು. ನನಗಲ್ಲ, ನೇರ ತಮ್ಮನಿಗೆ.

ನಾಗಪ್ಪ ಪರದೆಯಿಂದ ಕಣ್ಣು ಕೀಳದೆ, "ಗಾಡಿ ಆಗಿದ್ರೆ ಇಳಿದು ತಳ್ಳಬಹುದಿತ್ತಲ್ಲಣ್ಣ" ಎಂದರು.

ಚಹಾ ತರುತ್ತಿದ್ದ ಶಾರದಕ್ಕ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ನನ್ನನ್ನು ಕೇಳುವವರೇ ಇಲ್ಲ. ನಾಗಪ್ಪ ಲ್ಯಾಪ್‌ಟಾಪಿನ ಕೆಳಗೆ ಕೈಯಿಟ್ಟು, ಹೆಂಚು ಕಾದಂತೆ ಕಾದಿದೆ ಎಂದರು. ಅಣ್ಣ ದಿಂಬು ಎಳೆದು ಬಿಸಾಕಿದರು, ತಮ್ಮ ತನ್ನ ಪಾಲಿನ ಕೋಣೆಗೆ ಓಡಿ ಟೇಬಲ್ ಫ್ಯಾನ್ ತಂದರು, ಅಣ್ಣ ಹಿಟ್ಟು ನಾದುವ ಒಂದು ಸ್ಟೀಲ್ ಪರಾತ ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಫ್ಯಾನಿನ ವೈರು ಸಾಲದೆ ಇಬ್ಬರೂ ಸೇರಿ ಪರಾತವನ್ನೇ ಗೋಡೆಯ ಕಡೆಗೆ ಎಳೆದರು. ಇಂಥ ಮಿಷನ್ ಮಾಡಿದವರನ್ನೂ ಕೊಂಡವರನ್ನೂ ಇಬ್ಬರೂ ಒಂದೇ ಸ್ವರದಲ್ಲಿ ಬೈದರು. ಕೊಂಡವಳು ಎದುರಿಗೇ ಕೂತು ಚಹಾ ಕುಡಿದಳು. ಸಿಟ್ಟು ಉಕ್ಕಿ ಬರುತ್ತಿದ್ದರೂ ಆ ಬೈಗುಳ ನಿಲ್ಲದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಗಾಳಿ ತಾಗಿ ಯಂತ್ರಕ್ಕೆ ಜೀವ ಬಂತು. ರುದ್ರಪ್ಪನವರು ಗಂಟಲು ಸರಿಮಾಡಿಕೊಂಡು, "ಇವನ ಹೆಸರು ನನ್ನ ಪಕ್ಕಕ್ಕೆ ಹಾಕು ತಂಗಿ. ಕೆಳಗೆ ಬ್ಯಾಡ" ಎಂದರು. "ಕೆಳಗೇ ಇರಲಿ ಬಿಡಣ್ಣ, ಅದು ಮತ್ತೆ ತಿರುಗಾಕೆ ಹತ್ತಿದ್ರೆ ಮುಹೂರ್ತ ಮೀರತೈತೆ" ಎಂದರು ನಾಗಪ್ಪ. ಮತ್ತೆ ಜಗಳ, ಈ ಸಲ ತಿರುವುಮುರುವಾಗಿ. ಅವರು ಮುಗಿಸುವ ಮೊದಲೇ ನಾನು ಹೆಸರನ್ನು ಪಕ್ಕಕ್ಕೆ ಹಾಕಿ ಸೇವ್ ಮಾಡಿದೆ. ಶಾರದಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು, ಮಗಳಿಗೆ ಹೇಳಲು.

ನಾನು ಗೆದ್ದ ಮುಖ ಮಾಡಿಕೊಂಡು ಬ್ಯಾಗು ಹೆಗಲಿಗೇರಿಸಿದೆ. ಹಾಗೇ, ನಾಗಪ್ಪನವರ ಮಗಳ ಲಗ್ನವೂ ಬರುವ ವರ್ಷವಂತೆ, ಆ ಪತ್ರಿಕೆಯನ್ನೂ ನಾನೇ ಮನೆಗೆ ಬಂದು ಮಾಡಿಕೊಡುತ್ತೇನೆ ಎಂದೆ. ಅಣ್ಣ ತಮ್ಮನ ಮುಖ ನೋಡಿದರು, ತಮ್ಮ ಅಣ್ಣನ ಮುಖ ನೋಡಿದರು.

"ಬ್ಯಾರೆ ಪ್ರೆಸ್ಸಿಗೆ ಹೋಗಾಣ" ಎಂದರು ರುದ್ರಪ್ಪನವರು.

"ಹೂಂ ಅಣ್ಣ, ಇಬ್ರೂ ಕೂಡೇ ಹೋಗಾಣ" ಎಂದರು ನಾಗಪ್ಪ.

ಅಂಗಡಿ ಪಾಲಾದ ಮೇಲೆ ಅವರಿಬ್ಬರೂ ಎದುರಾಡದೆ ಒಪ್ಪಿಕೊಂಡ ಮೊದಲ ಮಾತು ಅದು. ಎಷ್ಟೇ ಹಟಮಾರಿಯಾದರೂ, ಅದನ್ನು ಮುರಿಯಲು ನನಗೆ ಮನಸ್ಸು ಬರಲಿಲ್ಲ.