ಮೂರೂವರೆ ಸುತ್ತಿನ ಸ್ಪೋರ್ಟ್ಸ್ ಕಾರು

ಗಣಿತದ ಮಾಸ್ತರನಿಗೆ ಕಾರು ಕಟ್ಟುವುದು ಕಷ್ಟವೇ? ಎಣಿಸಲು ಬಂದರೆ ಸಾಕು ಎಂದು ನಾನು ನಂಬಿದ್ದೆ. ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರೊಂದರ ನಕಲು ಮಾಡುವ ಮಹತ್ಕಾರ್ಯ ಬೀದರಿನ ನೌಬಾದದ ನಮ್ಮ ಅಂಗಳದಲ್ಲಿ ಎರಡು ವರ್ಷದಿಂದ ನಡೆದಿತ್ತು. ಕೆಂಪು ಮೈ, ಎರಡೇ ಸೀಟು, ಹಳೆಯ ಜೀಪಿನ ಡೀಸೆಲ್ ಎಂಜಿನ್, ಎಲ್ಲ ಸಿದ್ಧ. ಇಷ್ಟೆಲ್ಲ ಮಾಡಿದ್ದು ಮಾವನವರ ಒಂದು ಪ್ರಶ್ನೆಗಾಗಿ. ಹೆಂಡತಿ ಸಂಗೀತಾಳ ತವರು ಔರಾದಿಗೆ ಹನ್ನೆರಡು ವರ್ಷ ಬಸ್ಸಿನಲ್ಲೇ ಹೋಗಿದ್ದೇವೆ. ಹೋದಾಗಲೆಲ್ಲ ಅವರು "ಬಸ್ಸಿಗೇ ಬಂದ್ರೇನ್ರಿ ಅಳಿಯಾರ?" ಎನ್ನುತ್ತಾರೆ. ಪಾಪ, ಪ್ರೀತಿಯಿಂದಲೇ ಕೇಳುತ್ತಾರೆ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಉಳಿದದ್ದು ಹಿಂದಿನ ಗಾಲಿಗಳನ್ನು ತಿರುಗಿಸುವ ಆಕ್ಸಲ್ ಒಂದೇ. ಲೆಕ್ಕ ಸರಳ. ಗಾಲಿ ಒಂದು ಸುತ್ತು ಹಾಕಲು ಎಂಜಿನ್ ಕಡೆಯಿಂದ ಬರುವ ಉದ್ದ ಸರಳು, ಅಂದರೆ ಶಾಫ್ಟ್, ಮೂರ್ನಾಲ್ಕು ಸಲ ಸುತ್ತಿದರೆ ಕಾರು ಜೋರಾಗಿ ಓಡುತ್ತದೆ, ಆರೇಳು ಸಲ ಸುತ್ತಿದರೆ ನಿಧಾನವಾಗಿ ಭಾರ ಎಳೆಯುತ್ತದೆ. ಭಾಲ್ಕಿಯ ಗುಜರಿಯಲ್ಲಿ ಸಾಮಾನು ಸಾಗಿಸುವ ಹಳೆಯ ಗಾಡಿಯೊಂದು ಕಂಡಿತು. ಜಾಕ್ ಕೊಟ್ಟು ಹಿಂದಿನ ಒಂದು ಗಾಲಿ ಎತ್ತಿದೆ, ಟೈರಿಗೆ ಸೀಮೆಸುಣ್ಣದ ಗುರುತು ಹಾಕಿದೆ, ಕೆಳಗೆ ತೂರಿ ಶಾಫ್ಟ್ ತಿರುಗಿಸಿದೆ. ಗುರುತು ನೋಡುವ ಹೊಣೆ ಸಂಗೀತಾಳದು. ಮೂರೂವರೆ ಸುತ್ತಿಗೇ ಗುರುತು ವಾಪಸ್ ಬಂತು! ಭಾರ ಹೊರುವ ಗಾಡಿಗೆ ಇಂಥ ಓಟದ ಗೇರು ಯಾಕಿಟ್ಟರು ಎಂಬ ಕುತೂಹಲ ಒಂದು ಗಳಿಗೆ ಕಾಡಿತು. ಖುಷಿಯಲ್ಲಿ ಆ ಕುತೂಹಲವನ್ನು ಅಲ್ಲೇ ಬಿಟ್ಟೆ.

"ಆ ಕಡಿ ಗಾಲಿ ನೆಲದ ಮ್ಯಾಲೇ ಕುಂತದಲ್ರೀ, ಅದನ್ನೂ ಎತ್ತಬೇಕೇನು?" ಎಂದಳು ಸಂಗೀತಾ.

"ಗಣಿತ ಕಲಿಸಾಂವ ನಾನಾ ಏನ್ ನೀನಾ?" ಎಂದೆ.

ಆಕ್ಸಲ್ ಮನೆಗೆ ಬಂತು. ಚೆಂದ ಕಾಣಲೆಂದು ಅದಕ್ಕೆ ಚಿಕ್ಕ ಗಾಲಿಗಳನ್ನು ಆರಿಸಿದೆ. ಗಾಲಿ ಚಿಕ್ಕದಾದಷ್ಟೂ ಓಟ ಕಡಿಮೆ ಎಂಬುದು ಆಗ ನೆನಪಾಗಲಿಲ್ಲ. ಗಲ್ಲಿಯಲ್ಲಿ ಕಾರು ಜಿಗಿದೇ ಹೊರಟಿತು. ಮರುದಿನವೇ ಔರಾದಿಗೆ ಬರುತ್ತೇವೆಂದು ಮಾವನವರಿಗೆ ಫೋನ್ ಮಾಡಿದೆ.

ಮರುದಿನ ದೊಡ್ಡ ರಸ್ತೆಗೆ ಬಂದ ಮೇಲೆ ಎಂಜಿನ್ ಚೀರತೊಡಗಿತು. ವೇಗ ಮಾತ್ರ ನಲವತ್ತು ದಾಟಲಿಲ್ಲ. ಔರಾದಿನ ಬಸ್ಸು ದಾಟಿಹೋಯಿತು. ಆಮೇಲೆ ಎರಡು ಕುರಿ ಕೂಡಿಸಿಕೊಂಡ ಬೈಕು ದಾಟಿತು. ಕುರಿಗಳು ತುಂಬ ಹೊತ್ತು ನಮ್ಮನ್ನೇ ನೋಡಿದವು.

ಮಾವನವರು ಬಾಗಿಲಲ್ಲೇ ನಿಂತಿದ್ದರು. "ಸಪ್ಪಳ ಬಂದು ಭಾಳ ಹೊತ್ತಾಯ್ತ್ರಿ ಅಳಿಯಾರ. ಗಾಡಿ ಈಗ ಬಂತು ನೋಡ್ರಿ" ಎಂದರು.

ತಡೆಯಲಾಗದೆ ಅವರ ಅಂಗಳದಲ್ಲೇ ಹಿಂದಿನ ಎರಡೂ ಗಾಲಿ ಎತ್ತಿ ಶಾಫ್ಟನ್ನು ಮತ್ತೆ ತಿರುಗಿಸಿದೆ. ಸಂಗೀತಾ ಎಣಿಸಿದಳು. ಏಳು ಸುತ್ತು! ಒಂದು ಗಾಲಿ ನೆಲಕ್ಕೆ ಕೂತಿದ್ದರೆ ಇನ್ನೊಂದು ಎರಡರಷ್ಟು ತಿರುಗುತ್ತದೆ ಎಂಬುದು ಆಗ ಹೊಳೆಯಿತು. ಗಣಿತದ ಮಾಸ್ತರ ಅರ್ಧವನ್ನಷ್ಟೇ ಎಣಿಸಿದ್ದ. ಆಕೆ ಕೈ ಕೊಡವಿಕೊಂಡು ಚಹಾ ಮಾಡಲು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಭಾರ ಎಳೆಯುವ ಗಾಡಿ ಎಂದು ತಿಳಿದ ಮಾವನವರಿಗೆ ಬಹಳ ಸಂತೋಷವಾಯಿತು. ಹೊರಡುವಾಗ ಸಂಗೀತಾಳ ಸೀಟಿಗೆ ಎರಡು ಚೀಲ ಜೋಳ ಏರಿಸಿದರು. ಆಕೆ ಬಸ್ಸಿಗೆ ಹೊರಟಳು. ದಾರಿಯಲ್ಲಿ ಆ ಬಸ್ಸು ನನ್ನನ್ನು ದಾಟಿದಾಗ ಕಿಟಕಿಯಿಂದ ಕೈ ಬೀಸಿದಳು.

ಮುಂದಿನ ಹಬ್ಬಕ್ಕೆ ಮಾವನವರೇ ಫೋನ್ ಮಾಡಿ ಕರೆದರು. ಕಡೆಗೆ ದನಿ ತಗ್ಗಿಸಿ ಅಂದರು:

"ಈ ಸಲ ಬಸ್ಸಿಗೇ ಬರ್ರಿ ಅಳಿಯಾರ. ಊಟ ಆರ್ತದ."