ಭಾವನವರು ನಡೆಸಿದ ಸ್ಟೇಷನ್

ನಮ್ಮ ಭಾವನವರು ಇಂಗ್ಲೆಂಡಿನ ಒಂದು ಹಳ್ಳಿಯ ರೈಲ್ವೆ ಸ್ಟೇಷನ್ನನ್ನು ದಿಲ್ಲಿಯ ಕರೋಲ್ ಬಾಗಿನ ಎರಡನೆಯ ಮಹಡಿಯ ಮನೆಯಿಂದ ನಡೆಸುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಇಂಗ್ಲೆಂಡಿರಲಿ, ಆಗ ಹೊಸದಾಗಿ ಬಂದಿದ್ದ ಮೆಟ್ರೋ ಹತ್ತುವುದಕ್ಕೂ ಅವರು ಹೆದರುತ್ತಿದ್ದರು!

ಭಾವ ಓಖ್ಲಾದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದರು. ಹೊರದೇಶದವರು ತಮ್ಮ ಪುಸ್ತಕಗಳನ್ನು ದಿಲ್ಲಿಯಲ್ಲಿ ಅಚ್ಚು ಹಾಕಿಸುತ್ತಿದ್ದ ಕಾಲ. ಹಾಗೆ ಬಂದದ್ದು ಆ ಸ್ಟೇಷನ್ನಿನ ಚರಿತ್ರೆ. ಹಾಲಿನ ಕ್ಯಾನುಗಳನ್ನು ಪೇಟೆಗೆ ಕಳಿಸಲು ಊರವರು ಕಾಡಿ ಬೇಡಿ ಕಟ್ಟಿಸಿಕೊಂಡದ್ದು, ಗುಲಾಬಿ ಬೆಳೆಸಿದ ಸ್ಟೇಷನ್ ಮಾಸ್ಟರು, ಹುಡುಗರನ್ನು ಯುದ್ಧಕ್ಕೆ ಹತ್ತಿಸಿದ ಪ್ಲಾಟ್‌ಫಾರ್ಮು, ಕಡೆಗೆ ಬಸ್ಸು ಬಂದು ಜನ ಕಡಿಮೆಯಾಗಿ ಸ್ಟೇಷನ್ ಮುಚ್ಚಿದ್ದು. ಇಷ್ಟೇ. ತಿದ್ದಿ ಕಳಿಸಿದರೆ ಕೆಲಸ ಮುಗಿಯಿತಲ್ಲವೆ? ಭಾವನವರಿಗೆ ಮುಗಿಯಲಿಲ್ಲ. ಸೈಕಲ್ ರಿಕ್ಷಾದ ಭಯ್ಯಾನಿಗೂ ಆ ಊರನ್ನು ವರ್ಣಿಸಿದರು. ಅವನು ಎಲ್ಲ ಕೇಳಿ, ಅಚ್ಛಾ, ಅದು ಫ್ಲೈಓವರಿನ ಆಚೆಗೋ ಈಚೆಗೋ ಎಂದನಂತೆ.

ಅಕ್ಕ ಹಾಸಿಗೆ ಹಿಡಿದ ಮೇಲೆ ಸ್ಟೇಷನ್ ಅವಳ ಮಂಚದ ಪಕ್ಕಕ್ಕೆ ಬಂತು. ದಿನವೂ ಊಟವಾದ ಮೇಲೆ ಭಾವ ಒಂದಿಷ್ಟು ಚರಿತ್ರೆಯನ್ನು ಕನ್ನಡದಲ್ಲಿ ಹೇಳುವರು. ತಿಂಗಳುಗಳು ಕಳೆದರೂ ಕಡೆಯ ಅಧ್ಯಾಯ ಬರಲಿಲ್ಲ. ಪುಸ್ತಕದಲ್ಲಿಲ್ಲದ ಗಾಡಿಗಳು ಬಂದವು, ಪುಸ್ತಕದಲ್ಲಿಲ್ಲದ ಮದುವೆ ದಿಬ್ಬಣಗಳು ಇಳಿದವು. ಒಂದು ಕಾಮಾ ತಪ್ಪಿದರೂ ನಿದ್ದೆ ಬಾರದ ಮನುಷ್ಯ!

ನನಗೆ ಯಾವುದೇ ಆಗಲಿ, ಹೊತ್ತಿಗೆ ಸರಿಯಾಗಿ ಮುಗಿಯಬೇಕು. ಒಂದು ಮಧ್ಯಾಹ್ನ ಅವರನ್ನು ಅಡುಗೆಮನೆಗೆ ಕರೆದು, ಹಿಡಿದ ಪುಸ್ತಕ ಮುಗಿಸಿಬಿಡಿ ಎಂದು ಗದರಿದೆ.

"ನಮ್ಮಲ್ಲಿ ಬಾಗಿಲನ್ನೇ ಮುಚ್ಚು ಅನ್ನೋಲ್ಲ, ಮುಂದೆ ಮಾಡು ಅಂತೀವಿ," ಎಂದರು ಭಾವ. "ಕಾಯಿಲೆಯವಳ ಎದುರಿಗೆ ಸ್ಟೇಷನ್ ಮುಚ್ಚಿತು ಅಂತ ಹ್ಯಾಗಯ್ಯಾ ಹೇಳಲಿ?"

ಅವರು ಔಷಧಿ ತರಲು ಇಳಿದು ಹೋದಾಗ ಅಕ್ಕ ನನ್ನನ್ನು ಹತ್ತಿರ ಕರೆದಳು.

"ಏನೋ ಅದು, ಅವರನ್ನ ಗದರಿಸ್ತಿದ್ದೆ? ಆ ಸ್ಟೇಷನ್ ಮುಚ್ಚಿದೆ ಅಂತ ನಂಗೊತ್ತು. ಮೊದಲನೇ ದಿನ ಪ್ರೂಫ್ ಓದಿ ಬಂದು, ಮುಚ್ಚಿಬಿಟ್ಟರಂತೆ ಕಣೇ ಅಂತ ಊಟಾನೇ ಮಾಡಲಿಲ್ಲ. ನನಗೆ ಹೇಳಿದ್ದು ಅವರಿಗೆ ಮರೆತುಹೋಗಿದೆ. ಪಾಪ, ನೀನು ನೆನಪಿಸಬೇಡ."

ಭಾವ ಬಂದರು. ಮಾತ್ರೆ ನುಂಗಿಸಿ, ಕುರ್ಚಿ ಎಳೆದುಕೊಂಡರು. ಸಂಜೆಯ ಗಾಡಿ ಬಂದು ನಿಂತಿತು ಎಂದು ಶುರುಮಾಡಿದವರು ನನ್ನ ಮುಖ ನೋಡಿ ತಡೆದರು. ಅಕ್ಕ ಕಾಯುತ್ತಿದ್ದಳು.

"ಯಾರ್ಯಾರು ಇಳಿದರು, ಭಾವ?" ಎಂದು ಕೇಳಿದೆ.